ತಪ್ಪುಗಳ ರಿಜಿಸ್ಟರ್

ಜನವರಿ 3, 2005, ಸೋಮವಾರ

ಡೈರಿಯ ಮೊದಲ ಪುಟದಲ್ಲಿ ಹೆಸರು, ಕೆಲಸ, ರಕ್ತದ ಗುಂಪು ಬರೆಯಲು ಗೆರೆ ಹಾಕಿದ್ದಾರೆ. ಹೆಸರು ಜಯತೀರ್ಥ. ವಯಸ್ಸು ಐವತ್ನಾಲ್ಕು. ಕೆಲಸ, ನಾರಾಯಣಗೂಡದ ಡಾಕ್ಟರ್ ಸಂಗಣ್ಣನವರ ದವಾಖಾನೆಯಲ್ಲಿ ಕಂಪೌಂಡರ್, ಇಪ್ಪತ್ತಾರು ವರ್ಷದಿಂದ. ರಕ್ತದ ಗುಂಪು ಗೊತ್ತಿಲ್ಲ. ಊರವರ ರಕ್ತವನ್ನೆಲ್ಲ ಸೀಸೆಗೆ ತುಂಬಿದವನಿಗೆ ತನ್ನದು ಯಾವುದೆಂದು ಗೊತ್ತಿಲ್ಲ ಅಂದರೆ ಜನ ನಗುತ್ತಾರೆ. ಆ ಗೆರೆ ಖಾಲಿ ಬಿಟ್ಟೆ.

ಔಷಧ ಕಂಪನಿಯವರು ವರ್ಷವರ್ಷ ಕೊಡುವ ಡೈರಿಯನ್ನು ನನ್ನ ಹೆಂಡತಿ ನಲಿನಿ ರಂಗೋಲಿ ಬರೆದಿಟ್ಟುಕೊಳ್ಳಲು ಎತ್ತಿಕೊಳ್ಳುತ್ತಿದ್ದಳು. ಈ ಸಲ ನಾನು ಅವಳಿಗೆ ಕೊಡಲಿಲ್ಲ. ಇವತ್ತು ದವಾಖಾನೆಗೆ ಒಂದು ರಿಜಿಸ್ಟರ್ ಬಂದಿದೆ. ಅದರಲ್ಲಿ ಬರೆಯಲಾಗದ್ದನ್ನು ಎಲ್ಲಾದರೂ ಬರೆಯಬೇಕಲ್ಲ.

ರಿಜಿಸ್ಟರ್ ತಂದವಳು ಗಾನವಿ ಅನ್ನುವ ಹುಡುಗಿ. ಮೈಸೂರಿನವಳು, ಕೊರಳಲ್ಲಿ ಫೋಟೊ ಹಾಕಿದ ಕಾರ್ಡು. ಮಾದಾಪುರದ ಕಡೆಯ ಒಂದು ಸಾಫ್ಟ್‌ವೇರ್ ಕಂಪನಿ ತನ್ನ ನೌಕರರ ಮನೆಯವರಿಗಾಗಿ ಊರಲ್ಲಿ ಹತ್ತು ದವಾಖಾನೆ ಆರಿಸುತ್ತಿದೆ. ಆರಿಸುವ ಮೊದಲು ಗುಣಮಟ್ಟ, ಸುರಕ್ಷತೆ ನೋಡಬೇಕಂತೆ. ನೋಡುವವಳು ಇವಳು. ಮಾರ್ಚಿನಲ್ಲಿ ತಪಾಸಣೆ. ಡಾಕ್ಟರ ಮಗಳು ದಾನೇಶ್ವರಿ ಇದಕ್ಕಾಗಿ ಆರು ತಿಂಗಳು ಓಡಾಡಿದ್ದಾಳೆ. ಅವಳೂ ಡಾಕ್ಟರು, ಅಪ್ಪನ ಪಕ್ಕದ ಕೋಣೆಯಲ್ಲಿ ಕೂತು ನೋಡುತ್ತಾಳೆ. ನಾನು ಅವಳನ್ನು ಫ್ರಾಕಿನಲ್ಲಿ ಕಂಡವನು, ಡೈರಿಯಲ್ಲಾದರೂ ‘ಅವರು’ ಅನ್ನಲು ಬರುವುದಿಲ್ಲ. ನಾರಾಯಣಗೂಡದ ಹಳೇ ಮನೆತನಗಳೆಲ್ಲ ಮನೆ ಮಾರಿ ಊರಿನ ಆ ತುದಿಗೆ ಹೋದವು. ಈ ಕಂಪನಿಯೂ ಕೈಬಿಟ್ಟರೆ ಇನ್ನೆರಡು ವರ್ಷಕ್ಕೆ ಬೀಗ ಅನ್ನುತ್ತಾಳೆ.

ರಿಜಿಸ್ಟರಿನಲ್ಲಿ ಐದು ಅಂಕಣ. ತಾರೀಖು, ಏನಾಯಿತು, ಯಾಕಾಯಿತು, ಏನು ಮಾಡಿದಿರಿ, ರೋಗಿಗೆ ತಿಳಿಸಿದಿರಾ.

“ಆಗಿರೋ ತಪ್ಪು ಮಾತ್ರ ಅಲ್ಲ ಸರ್. ಇನ್ನೇನು ಆಗೋದ್ರಲ್ಲಿತ್ತು, ಯಾರೋ ನೋಡಿ ತಡೆದ್ರು, ಅಂಥದ್ದನ್ನೂ ಬರೀಬೇಕು” ಅಂದಳು.

“ನಮ್ಮಲ್ಲಿ ತಪ್ಪು ಆಗೂದಿಲ್ಲಮ್ಮ” ಅಂದೆ.

“ಹಾಗಾದ್ರೆ ನಿಮ್ಗೆ ಕೆಲಸಾನೇ ಇಲ್ಲ ಬಿಡಿ ಸರ್” ಅಂದಳು. ಹುಡುಗಿಯ ಬಾಯಿ ಚುರುಕಾಗಿದೆ.

ಜನವರಿ 6, ಗುರುವಾರ

ರಿಜಿಸ್ಟರ್ ಖಾಲಿ. ಇಲ್ಲಿ ಬರೆಯುತ್ತೇನೆ.

ಡಾಕ್ಟರ ಕೋಣೆಗೂ ನನ್ನ ಔಷಧದ ಕೋಣೆಗೂ ನಡುವೆ ಒಂದು ಮೊಳದ ಕಿಟಕಿ ಇದೆ. ಅವರು ಬರೆದ ಚೀಟಿ ಅಲ್ಲಿಂದ ನನ್ನ ಕೈಗೆ ಬರುತ್ತದೆ, ನಾನು ಔಷಧ ಕಟ್ಟಿ ಆಚೆ ಬಾಗಿಲಿನಿಂದ ರೋಗಿಗೆ ಕೊಡುತ್ತೇನೆ. ಇವತ್ತು ಹಿಂದಿನ ಗಲ್ಲಿಯ ಟೀಚರಮ್ಮನಿಗೆ ಬಿ.ಪಿ. ಗುಳಿಗೆಯನ್ನು ಎರಡು ಸಲ ಬರೆದಿದ್ದರು. ಗುಳಿಗೆ ಒಂದೇ, ಎರಡು ಕಂಪನಿಯ ಎರಡು ಹೆಸರು. ಎರಡನ್ನೂ ನುಂಗಿದ್ದರೆ ಟೀಚರಮ್ಮ ಬಚ್ಚಲಲ್ಲಿ ತಲೆ ತಿರುಗಿ ಬೀಳುತ್ತಿದ್ದರು. ಒಂದನ್ನು ಹೊಡೆದುಹಾಕಿ ಇನ್ನೊಂದನ್ನು ಕೊಟ್ಟೆ. ಡಾಕ್ಟರಿಗೆ ಹೇಳಲಿಲ್ಲ, ಟೀಚರಮ್ಮನಿಗೆ ಹೇಳಲಿಲ್ಲ.

ಇದು ತಪ್ಪಲ್ಲ. ಇದನ್ನು ನಾನು ಅಕ್ಷರ ತಿದ್ದುವುದು ಅನ್ನುತ್ತೇನೆ. ಡಾಕ್ಟರಿಗೆ ಎಪ್ಪತ್ಮೂರು. ಮೂರು ವರ್ಷದಿಂದ ವಾರಕ್ಕೆ ಒಂದೆರಡು ಸಲ ಹೀಗಾಗುತ್ತದೆ. ಅವರ ಕೈಬರಹ ನನಗೆ ಅವರಿಗಿಂತ ಚೆನ್ನಾಗಿ ಬರುತ್ತದೆ. ಅಂಕಿ ತಿದ್ದಿದರೆ ಅವರೇ ತಿದ್ದಿದಂತೆ ಕಾಣಬೇಕು. ಕಂಪೌಂಡರ್ ಅಂದರೆ ಪೊಟ್ಟಣ ಕಟ್ಟುವವನು ಅಂದುಕೊಂಡವರಿಗೆ ಇದೆಲ್ಲ ತಿಳಿಯುವುದಿಲ್ಲ.

ಜನವರಿ 12, ಬುಧವಾರ

ಗಾನವಿ ಫ್ರಿಜ್ ತೆಗೆದು ನೋಡಿದಳು. ಲಸಿಕೆಗಳ ಪಕ್ಕದಲ್ಲಿ ಗುರುಬಾಯಿಯ ಮೊಸರಿನ ಡಬ್ಬಿ, ಅರ್ಧ ಮೊಳ ಮಲ್ಲಿಗೆ, ನಾಲ್ಕು ಹಸಿಮೆಣಸಿನಕಾಯಿ. ಗುರುಬಾಯಿ ನಮ್ಮಲ್ಲಿ ಕಸ ಹೊಡೆದು ನೆಲ ಒರೆಸುವವಳು, ಹದಿನೈದು ವರ್ಷದಿಂದ ಆ ಮೊಸರು ಅಲ್ಲೇ ಇರುತ್ತಿತ್ತು.

“ಇದೇನ್ರೀ ಇದು?” ಅಂದಳು ಗಾನವಿ.

“ಮೊಸರು” ಅಂದಳು ಗುರುಬಾಯಿ, ಇಷ್ಟೂ ತಿಳಿಯದವಳಿಗೆ ತಿಳಿಸುವ ಹಾಗೆ.

ಡಾಕ್ಟರು ಒಳಗಿನಿಂದಲೇ ಜೋರಾಗಿ ನಕ್ಕರು. ನಾನು ನಗಲಿಲ್ಲ. ಫ್ರಿಜ್ಜು ನನ್ನ ಉಸ್ತುವಾರಿ.

ಜನವರಿ 19, ಬುಧವಾರ

ಎರಡು ಅಕ್ಷರ ತಿದ್ದಿದೆ. ಒಂದು, ಸಲ್ಫಾ ಔಷಧ ಆಗದವನಿಗೆ ಸಲ್ಫಾ. ಅವನ ಕಾರ್ಡಿನ ಮೇಲೆ ಡಾಕ್ಟರೇ ಕೆಂಪು ಮಸಿಯಲ್ಲಿ ‘ಕೊಡಬಾರದು’ ಎಂದು ಹಿಂದೆ ಬರೆದದ್ದಿದೆ. ಎರಡು, ರಾತ್ರಿ ಒಂದು ಅನ್ನುವಲ್ಲಿ ಮೂರು ಹೊತ್ತು.

ಸಂಜೆ ಶಹಾಪುರ ಕಡೆಯ ಗಾರೆ ಕೆಲಸದವರು ಏಳು ಜನ ಬಂದರು. ಊರಂಚಿನ ಉಪ್ಪಲ್ಲಿನಿಂದ ಎರಡು ಬಸ್ಸು ಬದಲಿಸಿ ಇಲ್ಲಿಗೇ ಬರುತ್ತಾರೆ, ಈ ತೆಲುಗು ಊರಿನಲ್ಲಿ ಕನ್ನಡದ ಡಾಕ್ಟರಿದ್ದಾರೆ ಎಂದು. ಡಾಕ್ಟರು ಒಬ್ಬೊಬ್ಬರನ್ನೂ ಊರು, ಬೆಳೆ, ಕೂಸು ಎಂದು ವಿಚಾರಿಸಿ ಆಮೇಲೆ ನೋವು ಕೇಳುತ್ತಾರೆ. ಹೊಟ್ಟೆನೋವು ಎಂದು ಬಂದವನ ಹೊಟ್ಟೆನೋವು ಮಾತು ಮುಗಿಯುವಷ್ಟರಲ್ಲಿ ಅರ್ಧ ಇಳಿದಿರುತ್ತದೆ. ಹೀಗೆ ಕೇಳುವ ಇನ್ನೊಬ್ಬ ಡಾಕ್ಟರನ್ನು ನಾನು ಈ ಊರಲ್ಲಿ ನೋಡಿಲ್ಲ. ರಾಯಚೂರಿನಿಂದ ಪಿಯುಸಿ ಫೇಲಾಗಿ ಬಂದ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದು ಸೀಸೆಯ ಹೆಸರು ಹೇಳಿಕೊಟ್ಟವರೂ ಅವರೇ. ಅವರ ಚೀಟಿಯನ್ನು ನಾನಲ್ಲದೆ ಇನ್ಯಾರು ತಿದ್ದಬೇಕು?

ಜನವರಿ 25, ಮಂಗಳವಾರ

ಗಾನವಿ ಬಂದು ರಿಜಿಸ್ಟರ್ ತಿರುವಿದಳು. ತಿರುವಲು ಏನೂ ಇರಲಿಲ್ಲ.

“ಮೂರು ವಾರಕ್ಕೆ ಒಂದೂ ಇಲ್ವಾ ಸರ್?”

“ಇಲ್ಲ.”

“ನೂರು ತಪ್ಪು ಬರ್ದಿರೋ ದವಾಖಾನೆ ನೋಡಿದ್ರೆ ನಂಗೆ ಭಯ ಆಗಲ್ಲ. ಒಂದೂ ಬರೀದೇ ಇರೋದು ನೋಡಿದ್ರೆ ಆಗತ್ತೆ” ಅಂದಳು. ದಾನೇಶ್ವರಿ ನನ್ನ ಮುಖ ನೋಡಿದಳು.

ಗಾನವಿ ಹೋದ ಮೇಲೆ ರಿಜಿಸ್ಟರಿನಲ್ಲಿ ಒಂದು ಬರೆದೆ. ‘ನೆಲ ಒರೆಸಿದ ನಂತರ ಒದ್ದೆಯಾಗಿತ್ತು, ರೋಗಿಯೊಬ್ಬರು ಜಾರಿದರು, ಬೀಳಲಿಲ್ಲ. ಕಾರಣ: ಗುರುಬಾಯಿ.’ ಅಕ್ಷರ ದುಂಡಗೆ ಬಂದಿದೆ.

ಫೆಬ್ರುವರಿ 2, ಬುಧವಾರ

ಗುರುಬಾಯಿಗೆ ಓದಲು ಬರುವುದಿಲ್ಲ. ಆದರೂ ಹೇಗೋ ತಿಳಿದಿದೆ.

“ಇಡೀ ದವಾಖಾನಿಯೊಳಗ ನಿಮಗ ಬರಿಯಾಕ ನನ್ನ ಹೆಸರ ಸಿಕ್ತೇನ್ರಿ?” ಅಂದಳು. ಉತ್ತರಕ್ಕೆ ಕಾಯದೆ ಬಕೆಟ್ ಎತ್ತಿಕೊಂಡು ಹೋದಳು. ನಾಲ್ಕು ದಿನದಿಂದ ನನ್ನ ಕೋಣೆಯನ್ನು ಒಣ ಬಟ್ಟೆಯಿಂದ ಒರೆಸುತ್ತಿದ್ದಾಳೆ, ಧೂಳು ಇದ್ದಲ್ಲೇ ಇದೆ.

ಡೈರಿ ಶುರುವಾದ ಈ ಒಂದು ತಿಂಗಳಲ್ಲಿ ತಿದ್ದಿದ್ದು ಒಟ್ಟು ಒಂಬತ್ತು. ವಾರಕ್ಕೆ ಒಂದೆರಡು ಎಂದು ಬರೆದಿದ್ದೆ, ಎರಡು ದಾಟುತ್ತದೆ. ಈ ಒಂಬತ್ತನ್ನೂ ಇನ್ನು ಮುಂದಿನವನ್ನೂ ಡೈರಿಯ ಕೊನೆಯ ಪುಟಗಳಲ್ಲಿ ತಾರೀಖು ಹಾಕಿ, ರೋಗಿಯ ಹೆಸರು, ಔಷಧ, ಬರೆದದ್ದು, ಕೊಟ್ಟದ್ದು ನಾಲ್ಕನ್ನೂ ಬರೆದಿಡುತ್ತೇನೆ. ಸುಮ್ಮನೆ, ನೆನಪಿಗೆ.

ಫೆಬ್ರುವರಿ 7, ಸೋಮವಾರ

ಮಧ್ಯಾಹ್ನ ರೋಗಿಗಳಿಲ್ಲದಾಗ ದಾನೇಶ್ವರಿ ಚಹಾ ಹಿಡಿದು ನನ್ನ ಕೋಣೆಗೆ ಬಂದಳು. ಹೇಳಿಬಿಡೋಣ ಅಂದುಕೊಂಡೆ. ನಿಮ್ಮಪ್ಪನ ಚೀಟಿ ಒಂದು ಸಲ ನೀನೂ ನೋಡವ್ವ, ಅಷ್ಟು ಹೇಳಿದ್ದರೆ ಸಾಕಿತ್ತು.

“ಕಾಕಾ, ಅಪ್ಪಾಜಿ ಇನ್ನಾ ಹತ್ತು ವರ್ಷ ಆರಾಮ ಕುಂದರ್ತಾರ ನೋಡ್ರಿ” ಅಂದಳು. “ನನ್ನ ಸಂಗಾತಿ ಡಾಕ್ಟರಗೋಳ ಅಪ್ಪಂದಿರು ಅರವತ್ತೈದಕ್ಕ ಮೂಲಿ ಹಿಡದಾರ. ನಮ್ಮಪ್ಪ ನೋಡ್ರಿ, ಒಂದು ತಪ್ಪಿಲ್ಲ.”

ಚಹಾ ಕುಡಿದೆ. ಅವಳು ತನ್ನಪ್ಪನ ಬಗ್ಗೆ ಹೆಮ್ಮೆ ಪಡುತ್ತಿದ್ದಳು. ಆ ಹೆಮ್ಮೆಯಲ್ಲಿ ಅರ್ಧ ನನ್ನ ಕೈಕೆಲಸ ಎಂದು ಒಳಗೊಳಗೇ ಬೀಗಿದೆ.

ಫೆಬ್ರುವರಿ 11, ಶುಕ್ರವಾರ

ತಿದ್ದಿದ್ದು ಹದಿನಾಲ್ಕಕ್ಕೆ ಬಂತು.

ಫೆಬ್ರುವರಿ 17, ಗುರುವಾರ

ಸಿಕಂದರಾಬಾದಿನಲ್ಲಿ ಒಂದು ದಿನದ ತರಬೇತಿ. ಹತ್ತು ದವಾಖಾನೆಯ ಕಂಪೌಂಡರುಗಳು, ನರ್ಸುಗಳು. ದೊಡ್ಡ ಹೋಟೆಲಿನ ತಣ್ಣಗಿನ ಸಭಾಂಗಣ, ಎದೆಯ ಮೇಲೆ ಹೆಸರಿನ ಬಿಲ್ಲೆ, ಊಟಕ್ಕೆ ಮೂರು ಬಗೆಯ ಸಿಹಿ. ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಕೆಲಸದ ದಿನ ಯಾರೂ ಹೀಗೆ ಕೂರಿಸಿ ಉಣ್ಣಿಸಿರಲಿಲ್ಲ. ನಾನಿಲ್ಲದ ದಿನ ಔಷಧದ ಕೋಣೆಗೆ ಬೀಗ. ಚೀಟಿಗಳನ್ನು ಹೊರಗಿನ ಮೆಡಿಕಲ್ ಶಾಪಿಗೆ ಕಳಿಸಬೇಕೆಂದು ನಿನ್ನೆಯೇ ಹೇಳಿ ಬಂದಿದ್ದೆ.

ಕಲಿಸುವವನು ಹಿಂದಿಯಲ್ಲಿ ಕೇಳಿದ, ಇಲ್ಲಿ ಎಷ್ಟು ಜನ ಇನ್ನೊಬ್ಬರ ತಪ್ಪನ್ನು ಕಂಡು, ತಿದ್ದಿ, ಯಾರಿಗೂ ಹೇಳದೆ ಸುಮ್ಮನಿದ್ದೀರಿ, ಕೈ ಎತ್ತಿ. ಯಾರೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಎದೆಯ ಬಿಲ್ಲೆ ನೆಟ್ಟಗೆ ಮಾಡಿಕೊಂಡೆ. ಅವನು ಮುಂದುವರಿಸಿದ. ನೀವು ತಿದ್ದುವುದರಿಂದ ಆ ಒಬ್ಬ ರೋಗಿ ಉಳಿಯುತ್ತಾನೆ, ಸರಿ. ನೀವು ರಜೆ ಹಾಕಿದ ದಿನ?

ಒಳ್ಳೆಯ ಮಾತುಗಾರ. ನಲಿನಿಗಾಗಿ ಎರಡು ಕಲಾಕಂದ ಕಾಗದದಲ್ಲಿ ಸುತ್ತಿಕೊಂಡು ಬಂದೆ.

ಫೆಬ್ರುವರಿ 18, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಸುಗಲಮ್ಮ ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಉಪ್ಪಲ್ಲಿನಲ್ಲಿ ಏಳುತ್ತಿರುವ ಸಾಫ್ಟ್‌ವೇರ್ ಕಟ್ಟಡದ ಮೇಲೆ ಇಟ್ಟಿಗೆ ಹೊರುವವಳು. ಮಗು ಗಂಗಾ, ನಾಲ್ಕು ವರ್ಷ. ಕತ್ತು ಒಂದು ಬದಿಗೆ ತಿರುಚಿ ಹಾಗೇ ನಿಂತಿದೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿದೆ, ನಾಲಿಗೆ ಹೊರಗೆ. ಬೆಂಚಿನ ಮೇಲಿದ್ದವರು ಎದ್ದು ದೂರ ಸರಿದರು.

“ದೆವ್ವ ಹಿಡದೈತ್ರಿ ಯಪ್ಪಾ, ನಸುಕಿನ್ಯಾಗಿಂದ ಹಿಂಗ ಐತಿ” ಎಂದು ಸುಗಲಮ್ಮ ಬಾಯಿ ಬಾಯಿ ಬಡಿದುಕೊಂಡಳು.

ದಾನೇಶ್ವರಿ ಒಂದೇ ನೋಟಕ್ಕೆ ಗುರುತಿಸಿದಳು, ವಾಂತಿ ಔಷಧ ಹೆಚ್ಚಾದ ಮಕ್ಕಳಿಗೆ ಹೀಗಾಗುತ್ತದೆ. “ವಾಂತಿ ಔಷಧ ಕೊಟ್ಟೀರೇನವ್ವ? ಎಷ್ಟು ಕೊಟ್ಟಿ?” ಎಂದು ಕೇಳುತ್ತಲೇ ಇಂಜೆಕ್ಷನ್ ಹಾಕಿದಳು. ಹದಿನೈದು ನಿಮಿಷದಲ್ಲಿ ಕತ್ತು ಮೆಲ್ಲಗೆ ನೆಟ್ಟಗಾಯಿತು, ಕಣ್ಣು ಕೆಳಗಿಳಿಯಿತು. ಮಗು ಅಮ್ಮನನ್ನು ನೋಡಿ ಅಳತೊಡಗಿತು. ಆಗ ಅಂಗಿ ಎತ್ತಿದಾಗ ಕಂಡದ್ದು, ಹೊಕ್ಕುಳ ಎರಡೂ ಬದಿಗೆ ಎರಡು ಹಸಿ ಬರೆ. ದೆವ್ವ ಬಿಡಿಸಲು ಪಕ್ಕದ ಜೋಪಡಿಯ ಮುದುಕಿ ಸಲಾಕೆ ಕಟ್ಟುವ ತಂತಿಯನ್ನು ಕಾಸಿ ಇಟ್ಟಿದ್ದಳಂತೆ.

ಸುಗಲಮ್ಮನ ಸೆರಗಿನ ಗಂಟಿನಲ್ಲಿ ನಿನ್ನೆಯ ಚೀಟಿ ಇತ್ತು. ನಿನ್ನೆ ಮಗು ವಾಂತಿ ಮಾಡುತ್ತಿದೆ ಎಂದು ಬಂದಿದ್ದಾಳೆ, ಡಾಕ್ಟರು ಸಿರಪ್ಪು ಬರೆದಿದ್ದಾರೆ. ಒಂದೂವರೆ ಎಂ.ಎಲ್. ಇರಬೇಕಾದಲ್ಲಿ 5. 1.5ರಲ್ಲಿನ 1 ಇಲ್ಲ, ಚುಕ್ಕೆಯೂ ಇಲ್ಲ. ಮೂರು ಹೊತ್ತು. ಮೆಡಿಕಲ್ ಶಾಪಿನವನು ಬರೆದದ್ದನ್ನು ಓದಿ ಬರೆದಷ್ಟೇ ಕೊಟ್ಟಿದ್ದಾನೆ, ಅವನದೇನೂ ತಪ್ಪಿಲ್ಲ.

ಕಿಟಕಿಯಿಂದ ಬಂದಿದ್ದರೆ ನೋಡಿದ ಕೂಡಲೇ ತಿದ್ದುತ್ತಿದ್ದೆ.

ಫೆಬ್ರುವರಿ 19, ಶನಿವಾರ

ಡಾಕ್ಟರು ಬೆಳಿಗ್ಗೆ ಒಬ್ಬರೇ ಕೂತಿದ್ದರು. ಮುಂದೆ ಆ ಚೀಟಿ. ನನ್ನನ್ನು ಕರೆದರು.

“ನೀ ಇದ್ದಿದ್ದರ ಇದು ಆಗ್ತಿದ್ದಿಲ್ಲ, ಜಯಾ.”

ಮೊದಲು ಸಂತೋಷವಾಯಿತು. ಬರೆಯಲು ನಾಚಿಕೆ, ಆದರೆ ಆಯಿತು. ಇಪ್ಪತ್ತಾರು ವರ್ಷಕ್ಕೆ ಒಂದು ಸಲ ಬಾಯಿಬಿಟ್ಟು ಹೇಳಿದರಲ್ಲ ಎಂದು.

ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ ಆ ಮಾತಿನ ಇನ್ನೊಂದು ಮುಖ ಕಂಡಿತು. ಅವರಿಗೆ ಗೊತ್ತಿತ್ತು. ನಾನು ತಿದ್ದುತ್ತೇನೆಂದು ಗೊತ್ತಿದ್ದೇ ಅವರು ಚೀಟಿಯನ್ನು ಎರಡನೇ ಸಲ ನೋಡುವುದು ಬಿಟ್ಟಿದ್ದರು. ನಾನು ಹಾಸಿಕೊಟ್ಟ ಹಾಸಿಗೆಯ ಮೇಲೆ ಅವರು ಮಲಗಿದ್ದರು. ನಮ್ಮ ಸ್ಟಾಪು ಬಂದು ಹೋದದ್ದು ತಿಳಿಯಲಿಲ್ಲ.

ಫೆಬ್ರುವರಿ 21, ಸೋಮವಾರ

ದಾನೇಶ್ವರಿ ಬಾಗಿಲು ಹಾಕಿಕೊಂಡು ಕೇಳಿದಳು.

“ಕಾಕಾ, ಖರೇ ಹೇಳ್ರಿ. ಇದಕ್ಕ ಮೊದಲ ಹಿಂಗ ಆಗಿತ್ತೇನು?”

“ಇಲ್ಲವ್ವ. ಇದ ಮೊದಲ.”

ಅವಳು ನಿಟ್ಟುಸಿರು ಬಿಟ್ಟಳು. “ವಯಸ್ಸು. ಒಂದ ಸಲ ಯಾರಿಗರೆ ಆಗ್ತೈತಿ” ಅಂದಳು. ರಿಜಿಸ್ಟರಿನಲ್ಲಿ ತಾನೇ ಬರೆದಳು: ‘ಕಾರಣ: ಆಕಸ್ಮಿಕ.’

ಫೆಬ್ರುವರಿ 24, ಗುರುವಾರ

ಸುಗಲಮ್ಮ ಬರೆಯ ಗಾಯಕ್ಕೆ ಪಟ್ಟಿ ಕಟ್ಟಿಸಲು ಬಂದಿದ್ದಳು. ಪಟ್ಟಿ ಕಟ್ಟುವವನು ನಾನು. ಮಗು ಅಳಲಿಲ್ಲ, ನನ್ನ ಜೇಬಿನ ಪೆನ್ನನ್ನು ಎಳೆದು ನೋಡುತ್ತಿತ್ತು.

“ನಿಮ್ಮ ಸೂಜಿಗೆ ದೆವ್ವ ಅಂಜಿ ಓಡ್ತು ನೋಡ್ರಿ” ಅಂದಳು ಸುಗಲಮ್ಮ. “ಆದರ ಮತ್ತ ಬರ್ತೈತಂತ. ಜೋಪಡಿ ಮಂದಿ ತಮ್ಮ ಹುಡುಗರ ಕೂಡ ಆಡಾಕ ಬಿಡವಲ್ಲರು. ನಾವು ನೀರಿನ ಟ್ಯಾಂಕಿಗೆ ಹೋದರ ಮಕ್ಕಳ್ನ ಒಳಗ ಎಳಕೋತಾರ. ಮೇಸ್ತ್ರಿ ಅಂತಾನ, ಅಂಥಾ ಕೂಸಿನ್ನ ಇಟಗೊಂಡು ಇಲ್ಲಿರಬ್ಯಾಡ ಅಂತ. ಊರಾಗ ಒಬ್ಬಾವ ಅದಾನ್ರಿ, ದೆವ್ವ ಬಿಡಸಾಂವ. ಶಿವರಾತ್ರಿ ಆದ ಮ್ಯಾಲ ಕರಕೊಂಡು ಹೋಗಿ ಅವನ ಹತ್ತಿರ ತಿಂಗಳ ಮಟ ಬಿಡತೀನಿ.”

“ಏನ ಮಾಡ್ತಾನ ಅಂವ?”

“ಹೊಡೀತಾನ್ರಿ. ಹೊಡದರ ಹೋಗ್ತೈತಂತ.”

ಪಟ್ಟಿಯ ತುದಿ ಅಂಟಿಸಿದೆ. ದೆವ್ವ ಅಲ್ಲವ್ವ ಅಂದೆ. ಅವಳು ಸುಮ್ಮನೆ ತಲೆಯಾಡಿಸಿದಳು, ಓದಿದವರು ಹೀಗೇ ಅನ್ನುತ್ತಾರೆ ಎಂಬಂತೆ. ಹಾಗಾದರೆ ಏನು ಎಂದು ಅವಳು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲ. ಹೊರಟು ಹೋದಳು.

ಅವಳು ಹೋದ ಮೇಲೆ ಈ ಡೈರಿಯನ್ನು ಬಿಚ್ಚಿಟ್ಟುಕೊಂಡು ಹದಿನಾಲ್ಕನ್ನೂ ರಿಜಿಸ್ಟರಿಗೆ ಇಳಿಸಿದೆ. ತಾರೀಖು, ರೋಗಿ, ಬರೆದದ್ದು, ಕೊಟ್ಟದ್ದು. ದಾನೇಶ್ವರಿ ಬರೆದ ‘ಆಕಸ್ಮಿಕ’ದ ಕೆಳಗೆ ಬರೆದೆ: ‘ಆಕಸ್ಮಿಕವಲ್ಲ. ಮೂರು ವರ್ಷದಿಂದ ಕಂಪೌಂಡರ್ ಜಯತೀರ್ಥ ತಿದ್ದುತ್ತಿದ್ದಾನೆ, ಯಾರಿಗೂ ತಿಳಿಸಿಲ್ಲ. ಹದಿನೇಳರಂದು ಅವನು ಇರಲಿಲ್ಲ.’ ಗುರುಬಾಯಿಯ ಹೆಸರಿನ ಮೇಲೆ ಗೆರೆ ಎಳೆದು ‘ಕಾರಣ: ಕಾಲೊರೆಸು ಇಲ್ಲ’ ಎಂದು ಮಾಡಿದೆ.

ಎರಡು ತಾಸು ಹಿಡಿಯಿತು. ಮಧ್ಯೆ ಬಂದವರಿಗೆ ಔಷಧ ಕೊಟ್ಟೆ.

ಮಾರ್ಚ್ 1, ಮಂಗಳವಾರ

ನಾಲ್ಕು ದಿನ ಇಲ್ಲಿ ಬರೆದಿಲ್ಲ. ಬರೆಯುವಂಥದ್ದೆಲ್ಲ ಅಲ್ಲೇ ಬರೆದಾಗಿತ್ತು.

ದಾನೇಶ್ವರಿ ಶುಕ್ರವಾರ ಓದಿದಳು. ಬಯ್ಯಲಿಲ್ಲ. ಅಷ್ಟೂ ಹೆಸರುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಕೆಳಗೆ ಬಂದಳು. “ಎದುರಿಗೆ ಕುಂತು ಕೇಳಿದೆ ಕಾಕಾ. ಎದುರಿಗೆ ಕುಂತು ಇಲ್ಲ ಅಂದ್ರಿ” ಅಂದಳು. ಅಂದಿನಿಂದ ನನ್ನನ್ನು ಕಾಕಾ ಅಂದಿಲ್ಲ. ಕೆಲಸವಿದ್ದರೆ ‘ಕೇಳ್ರಿ’ ಅನ್ನುತ್ತಾಳೆ. ನನಗೆ ಇದು ನೋಯುತ್ತದೆ.

ಡಾಕ್ಟರು ಶನಿವಾರ ಓದಿದರು. ಭೂತಗಾಜು ಹಿಡಿದು ಓದಿದರು. ಭೂತಗಾಜು ಇಟ್ಟುಕೊಂಡಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. ಸೋಮವಾರ ಬಂದವರು ತಮ್ಮ ಕೋಣೆಗೆ ಹೋಗದೆ ಹೊರಗಿನ ಬೆಂಚಿನ ಮೇಲೆ ರೋಗಿಗಳ ಜೊತೆ ಕೂತರು. ಮೊದಲಿನ ಹಾಗೆಯೇ ಊರು, ಬೆಳೆ, ಕೂಸು ವಿಚಾರಿಸಿ, ನಾಡಿ ಹಿಡಿದು, ಮಗಳ ಕೋಣೆಗೆ ಕಳಿಸಿದರು. ಪೆನ್ನು ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಕೈ ಅಂಗಿಯ ಜೇಬಿಗೆ ನಾಲ್ಕೈದು ಸಲ ಹೋಗಿ ಬಂದದ್ದನ್ನು ಕಂಡೆ.

ಇವತ್ತು ಗಾನವಿಯ ತಪಾಸಣೆ. ರಿಜಿಸ್ಟರನ್ನು ಮೊದಲಿನಿಂದ ಓದಿದಳು, ಮುಖದಲ್ಲಿ ಏನೂ ತೋರಿಸಲಿಲ್ಲ. ಮೂರು ತಿಂಗಳು ನೋಡಿ ಆಮೇಲೆ ತೀರ್ಮಾನ ಎಂದು ಬರೆದಳು. ಹೊರಡುವ ಮುನ್ನ ಗಂಗಾಳ ಸಾಲಿನ ಕೊನೆಯ ಅಂಕಣ ತೋರಿಸಿದಳು.

“ಇದೊಂದು ಖಾಲಿ ಇದೆ ಸರ್. ರೋಗಿಗೆ ತಿಳಿಸಿದ್ರಾ?”

“ದೆವ್ವ ಅಲ್ಲ ಅಂತ ಹೇಳೀನಿ.”

“ಏನು ಅಲ್ಲ ಅಂತ ಹೇಳಿದ್ರಿ. ಏನು ಅಂತ?”

ಮಾರ್ಚ್ 6, ಭಾನುವಾರ

ಶಿವರಾತ್ರಿ ನಾಡಿದ್ದು. ಸುಗಲಮ್ಮ ಊರಿಗೆ ಹೊರಡುವ ಮೊದಲು ಹೋಗಬೇಕಿತ್ತು. ಡಾಕ್ಟರು ತಾವೂ ಬರುತ್ತೇನೆಂದರು. ಇಬ್ಬರೂ ಆಟೋದಲ್ಲಿ ಉಪ್ಪಲ್ಲಿಗೆ ಹೋದೆವು. ದಾರಿಯಲ್ಲಿ ಅಂಬರಪೇಟೆ ಬಂದಾಗ ಅವರು “ಇಲ್ಲೆ ಒಂದು ಕೆರಿ ಇತ್ತು” ಅಂದರು.

ಕಟ್ಟಡ ಆರನೇ ಅಂತಸ್ತಿಗೆ ಬಂದಿದೆ. ಅದರ ಹಿಂದೆ ತಗಡಿನ ಜೋಪಡಿಗಳು, ಹನ್ನೆರಡು. ಗಂಗಾ ಮರಳಿನ ಗುಡ್ಡೆಯ ಮೇಲೆ ಒಬ್ಬಳೇ ಕೂತಿದ್ದಳು. ಉಳಿದ ಮಕ್ಕಳು ಆಚೆ ಬದಿಗೆ ಆಡುತ್ತಿದ್ದರು.

ಸುಗಲಮ್ಮ ನಮ್ಮನ್ನು ಕಂಡು ಗಾಬರಿಯಾದಳು. ಡಾಕ್ಟರು ಕೋಲೂರಿಕೊಂಡು ಸಿಮೆಂಟ್ ಚೀಲದ ಮೇಲೆ ಕೂತು ನಿಧಾನವಾಗಿ ಹೇಳಿದರು, ನರ, ಮೆದುಳು, ಔಷಧದ ಪ್ರಮಾಣ ಎಂದು. ಅವಳು ಕೈಮುಗಿದುಕೊಂಡೇ ಕೇಳಿದಳು. ಏನೂ ತಿಳಿಯಲಿಲ್ಲ. ನನ್ನ ಕಡೆ ತಿರುಗಿದಳು.

“ನಮ್ಮ ಔಷಧದಿಂದ ಕತ್ತು ತಿರುಗ್ತವ್ವ” ಅಂದೆ. “ಒಂದೂವರಿ ಕೊಡಬೇಕಾಗಿತ್ತು, ಐದು ಕೊಟ್ವಿ. ದೆವ್ವ ಇಲ್ಲ ಏನಿಲ್ಲ. ಮತ್ತ ಬರೂದಿಲ್ಲ.”

ಅವಳು ಮುಗಿದ ಕೈ ಇಳಿಸಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಎಂದು ಕಾದೆ.

“ಈ ಮಾತು ನನಗ ಹೇಳಿದರ ಏನಾಗ್ತೈತ್ರಿ?” ಅಂದಳು. “ಅವರಿಗೆ ಹೇಳ್ರಿ. ಮನಿ ಮನಿಗೆ ಬಂದು ಹೇಳ್ರಿ. ಸಾಹೇಬ್ರು ಇಲ್ಲೇ ಕುಂದರ್ಲಿ, ಅವರ ಮಾತು ತಿಳಿಯಂಗಿಲ್ಲ. ನೀವು ಬರ್ರಿ.”

ಡಾಕ್ಟರು ಏಳಲು ಹೋಗಿ ಮತ್ತೆ ಕೂತರು. ಗಂಗಾ ಬಂದು ಅವರ ಕೋಲನ್ನು ಹಿಡಿದುಕೊಂಡಳು.

ಮೊದಲ ಜೋಪಡಿಯಲ್ಲಿ ‘ಔಷಧ ಸ್ವಲ್ಪ ಹೆಚ್ಚಾಗಿತ್ತು’ ಅಂದೆ. ಒಳಗಿದ್ದ ಹೆಂಗಸು, ಯಾರಿಗೆ ಹೆಚ್ಚಾಗಿತ್ತು, ಯಾಕೆ ಹೆಚ್ಚಾಗಿತ್ತು ಎಂದು ಕೇಳಿದಳು. ಎರಡನೆಯದರಲ್ಲಿ ‘ಚೀಟಿಯಲ್ಲಿ ತಪ್ಪಾಗಿತ್ತು’ ಅಂದೆ. ನಾಲ್ಕನೆಯದರಲ್ಲಿ ಮೇಸ್ತ್ರಿ ಇದ್ದ, ಕೈಲಿ ಬೀಡಿ. “ಜೋರ ಹೇಳ್ರಿ, ಕೇಳಸವಲ್ದು” ಅಂದ. ‘ಡಾಕ್ಟರು ತಪ್ಪು ಬರೆದರು’ ಎಂದು ಜೋರಾಗಿ ಹೇಳಿದೆ. ಸಿಮೆಂಟ್ ಚೀಲದ ಮೇಲಿದ್ದವರಿಗೂ ಕೇಳಿಸಿರಬೇಕು. ಏಳನೆಯದಕ್ಕೆ ಹೋಗುವಷ್ಟರಲ್ಲಿ ಬಾಯಿ ತಾನಾಗಿ ಹೇಳುತ್ತಿತ್ತು: ಅವರು ತಪ್ಪು ಬರೆಯುತ್ತಾರೆಂದು ನನಗೆ ಗೊತ್ತಿತ್ತು, ನಾನು ಯಾರಿಗೂ ಹೇಳಿರಲಿಲ್ಲ, ಅದಕ್ಕೇ ಕೂಸಿಗೆ ಹೀಗಾಯಿತು. ಇಷ್ಟು ಹೇಳಿದರೆ ಮರುಪ್ರಶ್ನೆ ಬರುತ್ತಿರಲಿಲ್ಲ. ಒಬ್ಬಳು ನನ್ನ ಮುಂದೆಯೇ ತನ್ನ ಹುಡುಗನನ್ನು ಗಂಗಾಳ ಹತ್ತಿರ ಹೋಗು ಎಂದು ಕಳಿಸಿದಳು. ಇನ್ನೊಬ್ಬಳು ಬಾಗಿಲು ಮುಂದೆ ಮಾಡಿದಳು.

ಒಂಬತ್ತನೆಯದು ಅಂಬುಬಾಯಿಯ ಜೋಪಡಿ. ಅರವತ್ತು ದಾಟಿದ ಮುದುಕಿ, ತಾಯಂದಿರು ಇಟ್ಟಿಗೆ ಹೊರಲು ಹೋದಾಗ ಎಲ್ಲರ ಮಕ್ಕಳನ್ನು ನೋಡಿಕೊಳ್ಳುವವಳು. ಆ ಬೆಳಿಗ್ಗೆ ತಂತಿ ಕಾಸಿ ಬರೆ ಹಾಕಿದವಳು ಅವಳೇ. ರೊಟ್ಟಿ ತಟ್ಟುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ತಟ್ಟುತ್ತಲೇ ಇದ್ದಳು. ಆಮೇಲೆ ಕೈ ನಿಲ್ಲಿಸಿದಳು.

“ಕೂಸು ನನ್ನ ಕೈ ಹಿಡಕೊಂಡಿತ್ರಿ ಆವತ್ತ” ಅಂದಳು. “ಬ್ಯಾಡ ಆಯಿ, ಬ್ಯಾಡ ಆಯಿ ಅಂತಿತ್ತು. ನಾನ ಒತ್ತಿ ಹಿಡದೆ. ಹಂಗಾರ ನಾ ಸುಮ್ಮನ ಸುಟ್ಟೆನೇನ್ರಿ?”

ಇಪ್ಪತ್ತಾರು ವರ್ಷ ಜನರಿಗೆ ಸಮಾಧಾನ ಹೇಳಿದ ಬಾಯಿ ನನ್ನದು. ನಿನ್ನದೇನು ತಪ್ಪವ್ವ, ಒಳ್ಳೇದಾಗಲಿ ಅಂತ ಮಾಡಿದಿ, ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಮೂರು ವರ್ಷ ನನಗೆ ನಾನೇ ಹೇಳಿಕೊಂಡವನು, ಅವಳಿಗೆ ಕೊಡಲು ಆಗಲಿಲ್ಲ.

“ಹೌದವ್ವ” ಅಂದೆ.

ಅಂಬುಬಾಯಿ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು. ನಾನೇ ಕೆಳಗಿಳಿಸಿದೆ, ಬೆರಳು ಚುರುಗುಟ್ಟಿತು. ಅವಳ ಪಕ್ಕದಲ್ಲಿ ಕೂರಬೇಕೋ ಹೊರಗೆ ಹೋಗಬೇಕೋ ತಿಳಿಯದೆ ನಿಂತಿದ್ದೆ.

ಸುಗಲಮ್ಮ ಹೊಸ್ತಿಲ ಹೊರಗೆ ಕಾಯುತ್ತಿದ್ದಳು.

“ಇನ್ನಾ ಎರಡು ಮನಿ ಉಳದಾವ, ಬರ್ರಿ” ಅಂದಳು.

ಹೋದೆ.